ಕಾರ್ಡ್ ಸಿಗದ ಕಾಲದಲ್ಲಿ ಗ್ರಾಫಿಕ್ಸ್ ಕಾರ್ಡ್ ಬದಲಿಸಬೇಕೆಂದರೆ

ಕಳೆದ ತಿಂಗಳು ಹಾಸನದಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದ. "ಅಣ್ಣ, ಗ್ರಾಫಿಕ್ಸ್ ಕಾರ್ಡ್ ಬದಲಾಯಿಸಬೇಕು. ಅಂಗಡಿಯವರು ಈಗಲೇ ತಗೊಳ್ಳಿ, ಮುಂದಿನ ವಾರ ಇನ್ನೂ ಏರುತ್ತೆ ಅಂತಿದಾರೆ. ತಗೊಂಡುಬಿಡ್ಲಾ?" ಕಂಪ್ಯೂಟರಿನ ಪರದೆಗೆ ಚಿತ್ರ ಬಿಡಿಸಿ ಕೊಡುವ ಈ ಕಾರ್ಡುಗಳಲ್ಲಿ ಅವನ ಹತ್ತಿರ ಇರುವುದು 6 ಜಿಬಿ ಮೆಮೊರಿಯ ಜಿಟಿಎಕ್ಸ್ 1060. 2016ರಲ್ಲಿ ಬಂದ ಕಾರ್ಡ್. ಹಗಲು ಮದುವೆ ವಿಡಿಯೋ ಎಡಿಟ್ ಮಾಡುತ್ತಾನೆ, ರಾತ್ರಿ ಗೇಮ್ ಆಡುತ್ತಾನೆ.

"ಸರಿ ಕಣೋ, ಈಗ ನಿಧಾನ ಆಗ್ತಿರೋದು ಏನು?" ಅಂತ ಕೇಳಿದೆ. "ಎಲ್ಲಾನೂ" ಅಂದ.

ಆ ಉತ್ತರ ಇಟ್ಟುಕೊಂಡು ಯಾವ ಕಾಲದಲ್ಲೂ ಕಾರ್ಡ್ ತಗೊಳ್ಳಬಾರದು. ಅಭಾವದ ಕಾಲದಲ್ಲಂತೂ ಬೇಡವೇ ಬೇಡ. ಯಾಕೆಂದರೆ ಅಭಾವ ಬಂದಾಗ ಕಾರ್ಡಿನ ಬೆಲೆಗೂ ನಿಮ್ಮ ಗೇಮಿಗೂ ಸಂಬಂಧವೇ ಇರುವುದಿಲ್ಲ. ಅದೇ ಚಿಪ್ಪು, ಅದೇ ಮೆಮೊರಿ ಬೇಕಾದ ಬೇರೆ ಯಾರೋ ನಿಮಗಿಂತ ಜಾಸ್ತಿ ದುಡ್ಡು ಕೊಡಲು ತಯಾರಿರುತ್ತಾರೆ. ಬೆಲೆ ಏರುವುದು ಅವರ ಲೆಕ್ಕದ ಮೇಲೆ. ನಿಮ್ಮ ಕೈಯಲ್ಲಿರುವುದು ನಿಮ್ಮ ಕಂಪ್ಯೂಟರ್‌ಗೆ ನಿಜವಾಗಿ ಏನು ಬೇಕು ಅನ್ನುವ ಲೆಕ್ಕ ಮಾತ್ರ.

ಆ "ಬೇರೆ ಯಾರೋ" ಯಾರು ಅಂತ ತಿಳಿಯಲು 2021ನ್ನು ನೆನಪಿಸಿಕೊಳ್ಳೋಣ. 2020ರ ಸೆಪ್ಟೆಂಬರ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ಕಂಪನಿ ಎನ್‌ವಿಡಿಯಾ ಆರ್‌ಟಿಎಕ್ಸ್ 3080 ಅನ್ನುವ ಕಾರ್ಡ್ ಬಿಟ್ಟಿತು. ಘೋಷಿಸಿದ ಬೆಲೆ 699 ಡಾಲರ್. ಬಂದ ದಿನವೇ ಖಾಲಿ. ಮುಂದಿನ ಫೆಬ್ರವರಿಯಲ್ಲಿ 329 ಡಾಲರ್‌ನ 3060 ಬಂತು. ಆ ವರ್ಷ ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿ ಎಸ್.ಪಿ. ರೋಡಿನಲ್ಲಿ ನಾನೂ ಓಡಾಡಿದ್ದೆ. ಅಂಗಡಿ ಅಂಗಡಿಯಲ್ಲೂ ಒಂದೇ ಮಾತು: ಸ್ಟಾಕ್ ಇಲ್ಲ. ಇದ್ದ ಕಡೆ ಘೋಷಿತ ಬೆಲೆಯ ದುಪ್ಪಟ್ಟು. ಇನ್ನು ಕೆಲವರು ಬರೀ ಕಾರ್ಡ್ ಕೊಡುವುದಿಲ್ಲ, ಜೊತೆಗೆ ಕಂಪ್ಯೂಟರಿನ ಮುಖ್ಯ ಹಲಗೆಯಾದ ಮದರ್‌ಬೋರ್ಡೋ, ಕರೆಂಟು ಕೊಡುವ ಡಬ್ಬಿಯಾದ ಎಸ್‌ಎಂಪಿಎಸ್ಸೋ ತಗೊಳ್ಳಲೇಬೇಕು ಅನ್ನುತ್ತಿದ್ದರು. ಅದಕ್ಕೆ "ಕಾಂಬೋ" ಅಂತ ಹೆಸರು.

ಆಗ ಆಗಿದ್ದು ಒಂದು ಕಾರಣದಿಂದ ಅಲ್ಲ. 3080ಯ ಚಿಪ್ಪು ದೊಡ್ಡದು, 628 ಚದರ ಮಿಲಿಮೀಟರ್. ಚಿಪ್ಪುಗಳನ್ನು ಅಚ್ಚು ಹಾಕುವ ಸಿಲಿಕಾನ್ ಬಿಲ್ಲೆ, ಅಂದರೆ ವೇಫರ್, 300 ಮಿಲಿಮೀಟರ್ ಅಗಲ. ಲೆಕ್ಕ ಹಾಕಿದರೆ ಒಂದು ಬಿಲ್ಲೆಯಲ್ಲಿ ಎಂಬತ್ತೈದರ ಆಸುಪಾಸು ಚಿಪ್ಪು. ಅದರಲ್ಲೂ ಒಂದಿಷ್ಟು ದೋಷದಿಂದ ಹೋಗುತ್ತವೆ. ಒಂದು ಬಿಲ್ಲೆ ಕಾರ್ಖಾನೆಯ ಒಳಗೆ ಹೋಗಿ ಹೊರಗೆ ಬರಲು ತಿಂಗಳುಗಳೇ ಬೇಕು. ಹೊಸ ಕಾರ್ಖಾನೆ ಕಟ್ಟಲು ವರ್ಷಗಳು. ಬೇಡಿಕೆ ಇವತ್ತು ಏರಿದರೆ ಸರಬರಾಜು ನಾಳೆ ಏರುವುದಿಲ್ಲ. ಇನ್ನೊಂದು ಕಾರ್ಡ್ ಕಂಪನಿ ಎಎಂಡಿಯ ಕಥೆ ಇನ್ನೂ ಬಿಗಿ. ಅವರ ರೇಡಿಯಾನ್ ಕಾರ್ಡ್, ರೈಜೆನ್ ಪ್ರೊಸೆಸರ್, ಸೋನಿಯ ಪ್ಲೇಸ್ಟೇಷನ್ 5, ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಎಲ್ಲದರ ಚಿಪ್ಪೂ ತೈವಾನಿನ ಟಿಎಸ್‌ಎಂಸಿಯ 7 ನ್ಯಾನೋಮೀಟರ್ ಸಾಲಿನಲ್ಲೇ ತಯಾರಾಗಬೇಕಿತ್ತು.

ಚಿಪ್ಪು ತಯಾರಾದರೆ ಮುಗಿಯಲಿಲ್ಲ. ಅದನ್ನು ಕೂರಿಸುವ ತೆಳು ಹಲಗೆ ಬೇಕು, ಸಬ್‌ಸ್ಟ್ರೇಟ್ ಅನ್ನುತ್ತಾರೆ. ಅದರ ಪದರಗಳ ನಡುವೆ ಕರೆಂಟು ಹರಿಯದಂತೆ ತಡೆಯುವ ಒಂದು ವಿಶೇಷ ಹಾಳೆ ಇರುತ್ತದೆ. ಆ ಹಾಳೆ ಮಾಡುವ ಕಂಪನಿ ಯಾವುದು ಗೊತ್ತಾ? ಜಪಾನಿನ ಅಜಿನೊಮೊಟೊ. ಹೌದು, ಗೋಬಿ ಮಂಚೂರಿಗೆ ಹಾಕುವ ಟೇಸ್ಟಿಂಗ್ ಪೌಡರ್ ಹೆಸರಾಗಿ ನಮಗೆ ಗೊತ್ತಿರುವ ಅದೇ ಅಜಿನೊಮೊಟೊ. ಆ ಪುಡಿಯ ಜೊತೆಗಿನ ರಸಾಯನಶಾಸ್ತ್ರದ ಕೆಲಸದಿಂದಲೇ 1990ರ ದಶಕದಲ್ಲಿ ಈ ಹಾಳೆಯೂ ಹುಟ್ಟಿತು. ಇವತ್ತು ಹೆಚ್ಚುಕಮ್ಮಿ ಎಲ್ಲ ದೊಡ್ಡ ಪ್ರೊಸೆಸರ್‌ಗಳ ಅಡಿಯಲ್ಲೂ ಅದಿದೆ. 2021ರಲ್ಲಿ ಆ ಹಾಳೆ ಹಾಕಿದ ಹಲಗೆಗಳಿಗೂ ಕೊರತೆ. ಇಷ್ಟು ಉದ್ದದ ಸರಪಳಿಯಲ್ಲಿ ಒಂದು ಕೊಂಡಿ ಸಿಕ್ಕಿಹಾಕಿಕೊಂಡರೂ ಅಂಗಡಿಯ ಕಪಾಟು ಖಾಲಿ.

ಇದೆಲ್ಲದರ ಮೇಲೆ ಇಥೀರಿಯಂ. ಈ ಕ್ರಿಪ್ಟೋ ನಾಣ್ಯವನ್ನು ಆಗ ಗ್ರಾಫಿಕ್ಸ್ ಕಾರ್ಡ್‌ನಿಂದ "ಮೈನ್" ಮಾಡಬಹುದಿತ್ತು, ಅಂದರೆ ಕಾರ್ಡಿಗೆ ಲೆಕ್ಕ ಮಾಡಿಸಿ ನಾಣ್ಯ ಗಳಿಸಬಹುದಿತ್ತು. ಆ ಲೆಕ್ಕಕ್ಕೆ ಬೇಕಾಗಿದ್ದು ಮುಖ್ಯವಾಗಿ ಮೆಮೊರಿಯ ವೇಗ. ಕಾರ್ಡಿನ ಮೆಮೊರಿಯಲ್ಲಿ ಒಂದು ದೊಡ್ಡ ಫೈಲ್ ಇಟ್ಟುಕೊಂಡು, ಅದರ ಮೂಲೆಮೂಲೆಯಿಂದ ಓದುತ್ತಾ ಇರಬೇಕು. ಆ ಫೈಲ್ ದಿನೇದಿನೇ ಬೆಳೆಯುತ್ತಿತ್ತು. 2020ರ ಕೊನೆಯ ಹೊತ್ತಿಗೆ 4 ಜಿಬಿ ದಾಟಿತು. 4 ಜಿಬಿ ಕಾರ್ಡುಗಳು ಮೈನಿಂಗ್‌ಗೆ ಬಾರದಾದವು, 6 ಮತ್ತು 8 ಜಿಬಿಯವಕ್ಕೆ ಮುಗಿಬಿದ್ದರು. ನಾಣ್ಯದ ಬೆಲೆ ಏರಿದ್ದಾಗ ಒಂದು ಕಾರ್ಡ್ ತನ್ನ ದುಡ್ಡನ್ನು ಕೆಲವೇ ತಿಂಗಳಲ್ಲಿ ವಾಪಸ್ ಕೊಡುತ್ತಿತ್ತು. ಹಾಗೆ ದುಡಿಯುವ ಯಂತ್ರಕ್ಕೆ ದುಪ್ಪಟ್ಟು ಕೊಡಲು ಮೈನರ್‌ಗೆ ಕಷ್ಟವಿಲ್ಲ. ಸಂಜೆ ಎರಡು ಗಂಟೆ ಗೇಮ್ ಆಡುವ ಹುಡುಗ ಅವನ ಜೊತೆ ಹರಾಜಿನಲ್ಲಿ ಗೆಲ್ಲೋದು ಹೇಗೆ?

ಎನ್‌ವಿಡಿಯಾ 3060ಗೆ ಮೈನಿಂಗ್ ವೇಗ ಅರ್ಧಕ್ಕೆ ಇಳಿಸುವ ತಡೆ ಹಾಕಿತು. ತಿಂಗಳೊಳಗೆ ಅವರದೇ ಒಂದು ಪರೀಕ್ಷಾ ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ತಪ್ಪಿ ಆ ತಡೆಯನ್ನು ತೆಗೆದುಬಿಟ್ಟಿತು. ಮೈನಿಂಗ್ ಕಾಟದಿಂದ ನಿಜವಾದ ಬಿಡುಗಡೆ ಸಿಕ್ಕಿದ್ದು 2022ರ ಸೆಪ್ಟೆಂಬರ್ 15ಕ್ಕೆ. ಅವತ್ತು ಇಥೀರಿಯಂ ತನ್ನ ಪದ್ಧತಿಯನ್ನೇ ಬದಲಿಸಿತು, ಗ್ರಾಫಿಕ್ಸ್ ಕಾರ್ಡಿನ ಕೆಲಸವೇ ಇಲ್ಲವಾಯಿತು. ಮೈನರ್‌ಗಳ ಕಾರ್ಡುಗಳೆಲ್ಲ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬಂದವು.

ಈಗ, 2025ರ ಕೊನೆಯಿಂದ, ಕಷ್ಟ ಮೆಮೊರಿಯ ಕಡೆಯಿಂದ ಬಂದಿದೆ. ಜಗತ್ತಿನ ಮೆಮೊರಿ ಚಿಪ್ಪುಗಳಲ್ಲಿ ಬಹುಪಾಲು ಮಾಡುವವರು ಮೂವರೇ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಎಐ ಡೇಟಾ ಸೆಂಟರ್‌ಗಳಿಗೆ ಎಚ್‌ಬಿಎಂ ಅನ್ನುವ ಬೇರೆ ಜಾತಿಯ ಮೆಮೊರಿ ಬೇಕು. ಕಂಪ್ಯೂಟರಿನ ಸಾಮಾನ್ಯ ರ‍್ಯಾಮ್ ಆದ ಡಿಡಿಆರ್5ಗೆ, ಅಷ್ಟೇ ಜಿಬಿಗೆ ಹೋಲಿಸಿದರೆ ಎಚ್‌ಬಿಎಂಗೆ ಸುಮಾರು ಮೂರು ಪಟ್ಟು ಬಿಲ್ಲೆ ಬೇಕಾಗುತ್ತದೆ. ಅಂದರೆ ಅಲ್ಲಿ ಒಂದು ಜಿಬಿ ಹೆಚ್ಚಾದರೆ ಇಲ್ಲಿ ಮೂರು ಜಿಬಿ ಕಡಿಮೆ. ಗ್ರಾಫಿಕ್ಸ್ ಕಾರ್ಡಿನ ಮೆಮೊರಿಯೂ ಇದೇ ಕಂಪನಿಗಳಿಂದಲೇ ಬರಬೇಕು. ಕೆಲವೇ ತಿಂಗಳಲ್ಲಿ ರ‍್ಯಾಮ್ ಬೆಲೆ ದುಪ್ಪಟ್ಟು ದಾಟಿತು. 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್, ನಮ್ಮಂಥವರಿಗೆ ಮಾರುತ್ತಿದ್ದ ಕ್ರೂಶಿಯಲ್ ಹೆಸರಿನ ಮೆಮೊರಿ ವ್ಯಾಪಾರವನ್ನೇ ನಿಲ್ಲಿಸುತ್ತೇವೆ ಎಂದು ಹೇಳಿತು. ಅಂದು ಮೈನರ್ ಇದ್ದ ಜಾಗದಲ್ಲಿ ಇವತ್ತು ಡೇಟಾ ಸೆಂಟರ್ ಇದೆ. ಹಾಗಾಗಿ ಈ ಸಲ ಜಾಸ್ತಿ ಮೆಮೊರಿ ಇರುವ ಕಾರ್ಡುಗಳ ಮೇಲೆಯೇ ಒತ್ತಡ ಹೆಚ್ಚು.

ಇಷ್ಟು ತಿಳಿದ ಮೇಲೆ ನಮ್ಮ ಕ್ಯಾಬಿನೆಟ್ ಕಡೆ ಬರೋಣ.

ತಮ್ಮನಿಗೆ ಮೊದಲು ಮಾಡಿಸಿದ್ದು ಒಂದು ಸರಳ ಪರೀಕ್ಷೆ. ಗೇಮಿನಲ್ಲಿ ರೆಸಲ್ಯೂಷನ್ 1080ರಿಂದ 720ಕ್ಕೆ ಇಳಿಸು, ಸೆಕೆಂಡಿಗೆ ಫ್ರೇಮ್, ಅಂದರೆ ಚಿತ್ರ, ಎಷ್ಟು ಬರುತ್ತೆ ನೋಡು ಅಂದೆ. ರೆಸಲ್ಯೂಷನ್ ಇಳಿಸಿದರೆ ಹೊರೆ ಕಡಿಮೆಯಾಗುವುದು ಗ್ರಾಫಿಕ್ಸ್ ಕಾರ್ಡಿಗೆ. ಪ್ರೊಸೆಸರ್‌ಗೆ ಹೆಚ್ಚು ವ್ಯತ್ಯಾಸ ಆಗುವುದಿಲ್ಲ. ಫ್ರೇಮ್ ಚೆನ್ನಾಗಿ ಏರಿದರೆ ಅಡ್ಡಿ ಕಾರ್ಡಿನದು. ಅಲ್ಲೇ ನಿಂತರೆ ಪ್ರೊಸೆಸರ್‌ನದು, ಎಷ್ಟು ದುಬಾರಿ ಕಾರ್ಡ್ ತಂದು ಹಾಕಿದರೂ ಪ್ರಯೋಜನ ಇಲ್ಲ. ಇದಕ್ಕೆ ಐದು ನಿಮಿಷ ಸಾಕು, ಒಂದು ಪೈಸೆ ಖರ್ಚಿಲ್ಲ.

ಎರಡನೆಯದು ಮೆಮೊರಿ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ಒಳಗೆ ಜಿಪಿಯು ಒತ್ತಿ, "ಡೆಡಿಕೇಟೆಡ್ ಜಿಪಿಯು ಮೆಮೊರಿ" ಅನ್ನುವ ಸಾಲು ನೋಡಿ. ತಮ್ಮನದು 6ರಲ್ಲಿ 5.8 ಇತ್ತು. ಹೀಗೆ ತುಂಬಿದಾಗ ಗೇಮ್ ನಿಧಾನ ಆಗುವುದಕ್ಕಿಂತ ಜಾಸ್ತಿ ಜರ್ಕ್ ಹೊಡೆಯುತ್ತದೆ. ಯಾಕೆಂದರೆ ಕಾರ್ಡಿನಲ್ಲಿ ಜಾಗ ಸಾಲದ್ದನ್ನು ಮದರ್‌ಬೋರ್ಡ್ ದಾಟಿ ರ‍್ಯಾಮ್‌ನಿಂದ ತರಬೇಕು. ಗೇಮಿನ ಸೆಟ್ಟಿಂಗ್‌ನಲ್ಲಿ ಟೆಕ್ಸ್ಚರ್, ಅಂದರೆ ವಸ್ತುಗಳ ಮೇಲ್ಮೈ ಚಿತ್ರದ ಗುಣಮಟ್ಟ, ಒಂದು ಮೆಟ್ಟಿಲು ಇಳಿಸಿದರೆ ಎಷ್ಟೋ ಸಲ ಅದು ಅಲ್ಲಿಗೆ ನಿಲ್ಲುತ್ತದೆ.

ಇನ್ನು ವಿಡಿಯೋ. ಇದನ್ನು ಎಡಿಟಿಂಗ್ ಮಾಡುವವರಿಗೆ ಒತ್ತಿ ಹೇಳಬೇಕು. ಹೊಸ ಕ್ಯಾಮೆರಾಗಳು 10 ಬಿಟ್, 4:2:2 ಅನ್ನುವ, ಬಣ್ಣದ ವಿವರ ಹೆಚ್ಚಿರುವ ಫೈಲ್ ಕೊಡುತ್ತವೆ. ಬಣ್ಣ ತಿದ್ದಲು ತುಂಬಾ ಒಳ್ಳೆಯದು. ಆದರೆ ಎನ್‌ವಿಡಿಯಾದ ಜೀಫೋರ್ಸ್ ಕಾರ್ಡುಗಳಲ್ಲಿ 50ರ ಸರಣಿಗೆ ಮುಂಚಿನವು ಯಾವುವೂ ಈ 4:2:2 ಫೈಲನ್ನು ತಮ್ಮ ವಿಡಿಯೋ ಸರ್ಕ್ಯೂಟಿನಲ್ಲಿ ಬಿಚ್ಚುವುದಿಲ್ಲ. ಆ ಭಾರವೆಲ್ಲ ಪ್ರೊಸೆಸರ್ ಮೇಲೆ. ಟೈಮ್‌ಲೈನ್ ತಡವರಿಸುತ್ತದೆ ಅಂತ ತಮ್ಮ 3060 ತಂದಿದ್ದರೆ, ಅದೇ ತಡವರಿಕೆ ಹಾಗೇ ಇರುತ್ತಿತ್ತು. ಅವನಿಗೆ ಬೇಕಾಗಿದ್ದು ಪ್ರಾಕ್ಸಿ. ಅಂದರೆ ಎಡಿಟ್ ಮಾಡಲು ಹಗುರವಾದ ಒಂದು ಪ್ರತಿ ಮಾಡಿಕೊಂಡು, ಕೊನೆಗೆ ಎಕ್ಸ್‌ಪೋರ್ಟ್ ಮಾಡುವಾಗ ಮೂಲ ಫೈಲಿಗೆ ಹೋಗುವುದು. ರಾತ್ರಿ ಪ್ರಾಕ್ಸಿ ಹಾಕಿ ಮಲಗಿದರೆ ಬೆಳಗ್ಗೆ ಕೆಲಸ ಸರಾಗ.

ಈ ಪರೀಕ್ಷೆಗಳೆಲ್ಲ ಆದ ಮೇಲೂ ಕಾರ್ಡೇ ಬೇಕು ಅಂತಾದರೆ, ಅಂಗಡಿಗೆ ಹೋಗುವ ಮುಂಚೆ ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ಬಿಚ್ಚಿ ಎಸ್‌ಎಂಪಿಎಸ್ ಮೇಲಿನ ಚೀಟಿ ಓದಿ. ದಪ್ಪ ಅಕ್ಷರದಲ್ಲಿ ಬರೆದ 450 ವ್ಯಾಟ್ ನೋಡಬೇಡಿ. ಚಿಕ್ಕ ಕೋಷ್ಟಕದಲ್ಲಿ 12 ವೋಲ್ಟ್ ಅನ್ನುವ ಮನೆ ಹುಡುಕಿ. ತಮ್ಮ ಕಳಿಸಿದ ಫೋಟೋದಲ್ಲಿ ಅಲ್ಲಿ 25 ಆಂಪಿಯರ್ ಇತ್ತು. 12 ಗುಣಿಸು 25, ಅಂದರೆ 300 ವ್ಯಾಟ್. ಕಾರ್ಡು ಮತ್ತು ಪ್ರೊಸೆಸರ್ ಎರಡೂ ಕುಡಿಯುವುದು ಈ 300ರಿಂದಲೇ. ಉಳಿದ 150 ಚೀಟಿಯ ಮೇಲಿದೆ, ಅಷ್ಟೇ. 3060ಗೆ 170 ವ್ಯಾಟ್ ಬೇಕು, ಕ್ಷಣಕ್ಷಣಕ್ಕೆ ಅದಕ್ಕಿಂತ ಮೇಲೂ ಜಿಗಿಯುತ್ತದೆ. ಎನ್‌ವಿಡಿಯಾ ಅದಕ್ಕೆ 550 ವ್ಯಾಟಿನ ಎಸ್‌ಎಂಪಿಎಸ್ ಹೇಳುತ್ತದೆ. ಹಾಗಾಗಿ ಕಾರ್ಡಿನ ಬೆಲೆಗೆ ಎಸ್‌ಎಂಪಿಎಸ್ ಬೆಲೆಯನ್ನೂ ಕೂಡಿಸಿಕೊಂಡೇ ಹೋಲಿಸಬೇಕು.

ಕರೆಂಟಿನ ದಾರಿಯೂ ಗೊತ್ತಿರಲಿ. ಮದರ್‌ಬೋರ್ಡಿನ ಸ್ಲಾಟ್ 75 ವ್ಯಾಟ್ ಕೊಡುತ್ತದೆ. ಆರು ಪಿನ್ನಿನ ತಂತಿ ಇನ್ನೊಂದು 75. ಎಂಟು ಪಿನ್ನಿನದು 150. ಆರ್‌ಟಿಎಕ್ಸ್ 3050ಯ 6 ಜಿಬಿ ಮಾದರಿ 70 ವ್ಯಾಟಿನದು, ಸ್ಲಾಟಿನಿಂದಲೇ ನಡೆಯುವಂತೆ ಮಾಡಿದ್ದು. ಆಫೀಸಿನಿಂದ ಬಂದ ಹಳೇ ರೆಡಿಮೇಡ್ ಕಂಪ್ಯೂಟರ್‌ಗೆ ಅಂಥದ್ದೇ ಸರಿ. ಹಳೇ ಹಾರ್ಡ್ ಡಿಸ್ಕಿನ ತಂತಿಯಿಂದ ಎಂಟು ಪಿನ್ ಮಾಡುವ ಅಡಾಪ್ಟರ್ ದಯವಿಟ್ಟು ಹಾಕಬೇಡಿ. ತೆಗೆದು ಹಾಕುವ ತಂತಿಗಳಿರುವ ಎಸ್‌ಎಂಪಿಎಸ್ ಆದರೆ ಒಂದು ಕಂಪನಿಯ ತಂತಿಯನ್ನು ಇನ್ನೊಂದಕ್ಕೆ ಸಿಕ್ಕಿಸಬೇಡಿ. ಪಿನ್ನು ಕೂತರೂ ಒಳಗಿನ ಜೋಡಣೆ ಬೇರೆ ಇರಬಹುದು, ಕಾರ್ಡೋ ಡಿಸ್ಕೋ ಸುಟ್ಟುಹೋಗುತ್ತದೆ.

ಅಭಾವದ ಕಾಲದಲ್ಲಿ ಕಂಪನಿಗಳು ಬಿಡುವ ಅಗ್ಗದ ಕಾರ್ಡುಗಳ ಬಗ್ಗೆ ಒಂದು ಎಚ್ಚರಿಕೆ. 2022ರ ಜನವರಿಯಲ್ಲಿ ಎಎಂಡಿ 199 ಡಾಲರ್‌ಗೆ ಆರ್‌ಎಕ್ಸ್ 6500 ಎಕ್ಸ್‌ಟಿ ಬಿಟ್ಟಿತು. 4 ಜಿಬಿ ಮೆಮೊರಿ, ಹಾಗಾಗಿ ಮೈನರ್‌ಗಳಿಗೆ ಬೇಡ. ಒಳ್ಳೆಯದೇ ಅಲ್ವಾ? ಆದರೆ ಮದರ್‌ಬೋರ್ಡಿನ ಜೊತೆ ಮಾತಾಡಲು ಅದಕ್ಕೆ ನಾಲ್ಕೇ ಓಣಿ, ಅಂದರೆ ಲೇನ್. ಪಿಸಿಐಇ 4.0 (ಕಾರ್ಡಿನ ಸ್ಲಾಟಿನ ತಲೆಮಾರು) ಬೋರ್ಡಿನಲ್ಲಿ ಒಂದು ಓಣಿಗೆ ಸೆಕೆಂಡಿಗೆ ಸುಮಾರು 2 ಜಿಬಿ, ಒಟ್ಟು 8. ಹಳೇ 3.0 ಬೋರ್ಡಿನಲ್ಲಿ ಅದರರ್ಧ, ಬರೀ 4. ಮೆಮೊರಿ ತುಂಬಿದಾಗ ಈ ಓಣಿಯಿಂದಲೇ ಎಲ್ಲ ಬರಬೇಕು. ಅಗ್ಗದ ಕಾರ್ಡ್ ಹುಡುಕುವವರ ಬೋರ್ಡು ಸಾಮಾನ್ಯವಾಗಿ ಹಳೆಯದೇ ಇರುತ್ತದೆ, ಸರಿಯಾಗಿ ಅವರಿಗೇ ಅದು ನಿಧಾನ. ಜೊತೆಗೆ ವಿಡಿಯೋ ಎನ್‌ಕೋಡ್ ಮಾಡುವ, ಅಂದರೆ ವಿಡಿಯೋವನ್ನು ಕುಗ್ಗಿಸಿ ಫೈಲ್ ಮಾಡುವ ಸರ್ಕ್ಯೂಟೂ ಅದರಲ್ಲಿ ಇರಲಿಲ್ಲ. ಎಡಿಟರ್‌ಗೆ, ಸ್ಟ್ರೀಮ್ ಮಾಡುವವರಿಗೆ ಅದು ದೊಡ್ಡ ಕೊರತೆ.

ಹೆಸರುಗಳಲ್ಲೂ ಮೋಸ ಹೋಗುತ್ತೇವೆ. 3 ಜಿಬಿಯ 1060ಯಲ್ಲಿ ಮೆಮೊರಿ ಮಾತ್ರ ಅಲ್ಲ, ಲೆಕ್ಕ ಮಾಡುವ ಕೋರ್‌ಗಳೂ ಕಮ್ಮಿ: 1280ರ ಬದಲು 1152. 12 ಜಿಬಿಯ 3060ಯ ಮೆಮೊರಿ ದಾರಿ 192 ಬಿಟ್ ಅಗಲ, ಆಮೇಲೆ ಬಂದ 8 ಜಿಬಿ 3060ಯದು 128 ಬಿಟ್. ಹೆಸರು ಅದೇ, ಕಾರ್ಡು ಬೇರೆ. "ಆರ್‌ಎಕ್ಸ್ 580 2048ಎಸ್‌ಪಿ" ಅನ್ನುವ ಎಎಂಡಿ ಕಾರ್ಡು ಒಳಗೆ ಅದಕ್ಕಿಂತ ಕೆಳಗಿನ 570. ಅಂಗಡಿಯಲ್ಲಿ "3060 ಇದೆಯಾ" ಅಂತ ಸುಮ್ನೆ ಕೇಳಬೇಡಿ. ಎಷ್ಟು ಜಿಬಿ, ಎಷ್ಟು ಬಿಟ್ ಅಂತ ಕೇಳಿ, ಬಿಲ್ಲಿನಲ್ಲಿ ಬರೆಸಿ. ಸೀರಿಯಲ್ ನಂಬರ್ ಇರುವ ಜಿಎಸ್‌ಟಿ ಬಿಲ್ ಇಲ್ಲದೆ ಹೊಸ ಕಾರ್ಡ್ ತರಬೇಡಿ. ವಾರಂಟಿಗೆ ಹೋದಾಗ ಮೊದಲು ಕೇಳುವುದೇ ಅದು.

ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದಾ? ನನ್ನ ಅಭಿಪ್ರಾಯದಲ್ಲಿ ಧಾರಾಳವಾಗಿ ತಗೊಳ್ಳಬಹುದು, ಕೂತು ಪರೀಕ್ಷೆ ಮಾಡಲು ಬಿಟ್ಟರೆ. ಮೈನಿಂಗ್ ಮಾಡಿದ ಕಾರ್ಡ್ ಅಂದ ತಕ್ಷಣ ಹೆದರಬೇಕಿಲ್ಲ. ಚಿಪ್ಪಿಗೆ ಒಂದೇ ಉಷ್ಣತೆಯಲ್ಲಿ ನಡೆಯುವುದು ಅಷ್ಟು ಕಷ್ಟವಲ್ಲ. ಸವೆಯುವುದು ಫ್ಯಾನು, ಒಣಗುವುದು ಚಿಪ್ಪಿನ ಬಿಸಿ ಸಾಗಿಸುವ ಪೇಸ್ಟು, ಎಣ್ಣೆ ಬಿಡುವುದು ಮೆಮೊರಿಯ ಬಿಸಿ ಸಾಗಿಸುವ ಥರ್ಮಲ್ ಪ್ಯಾಡು. ಕಾರ್ಡನ್ನು ಕೈಗೆ ತೆಗೆದುಕೊಂಡು ಬೆರಳಿನಿಂದ ಫ್ಯಾನನ್ನು ನಿಧಾನವಾಗಿ ತಿರುಗಿಸಿ. ಅಲುಗಾಡಬಾರದು, ಕರಕರ ಅನ್ನಬಾರದು. ಬೆಳಕಿಗೆ ಹಿಡಿದು ಅಂಚು ನೋಡಿ, ಎಣ್ಣೆ ಜಿನುಗಿದೆಯಾ ಅಂತ. ಸ್ಕ್ರೂ ತಲೆಗಳು ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ. ಬಿಚ್ಚಿ ಹೊಸ ಪೇಸ್ಟ್ ಹಾಕಿದ್ದರೆ ಒಳ್ಳೆಯದೇ, ಆದರೆ ಯಾಕೆ ಬಿಚ್ಚಿದರು ಅಂತ ಕೇಳಬೇಕು. ಕಡಲ ತೀರದ ಊರಿನ ಕಾರ್ಡ್ ಆದರೆ ಬ್ರಾಕೆಟ್ಟಿನ ತುಕ್ಕು ಗಮನಿಸಿ.

ಆಮೇಲೆ ಹಾಕಿ ಓಡಿಸಿ. ಜಿಪಿಯು-ಝಡ್ ಅನ್ನುವ ಉಚಿತ ಸಾಫ್ಟ್‌ವೇರ್ ಹಳೇ ಚಿಪ್ಪಿಗೆ ಹೊಸ ಹೆಸರು ತುಂಬಿದ ಎಷ್ಟೋ ನಕಲಿ ಕಾರ್ಡುಗಳನ್ನು ಗುರುತಿಸಿ, ಹೆಸರಿನ ಮುಂದೆಯೇ ನಕಲಿ ಅಂತ ತೋರಿಸುತ್ತದೆ. ಇಪ್ಪತ್ತು ನಿಮಿಷ ಭಾರ ಕೊಟ್ಟು ಉಷ್ಣತೆ ನೋಡಿ. 3080, 3090 ಥರದ ಕಾರ್ಡುಗಳಲ್ಲಿ ಮೆಮೊರಿಯ ಉಷ್ಣತೆಯನ್ನೂ ನೋಡಬೇಕು. ಅದು 110 ಡಿಗ್ರಿ ಮುಟ್ಟುತ್ತಿದ್ದರೆ ಪ್ಯಾಡ್ ಬದಲಿಸಬೇಕಾಗುತ್ತದೆ. ಹಿಂದಿನ ಪೋರ್ಟ್‌ಗಳನ್ನು ಒಂದೊಂದಾಗಿ ಸಿಕ್ಕಿಸಿ ನೋಡಿ. ಇಷ್ಟಕ್ಕೆ ಒಪ್ಪದವರ ಹತ್ತಿರ ವ್ಯಾಪಾರ ಬೇಡ.

ಬೆಲೆಯ ಲೆಕ್ಕದಲ್ಲಿ ಜನ ಮರೆಯುವ ಒಂದು ಅಂಶ ಇದೆ. ಅಭಾವದಲ್ಲಿ ಹೊಸ ಕಾರ್ಡಿನ ಬೆಲೆ ಮಾತ್ರ ಏರುವುದಿಲ್ಲ, ನಿಮ್ಮ ಹಳೇ ಕಾರ್ಡಿನದೂ ಏರುತ್ತದೆ. ನಿಜವಾದ ಖರ್ಚು ಅಂದರೆ ಹೊಸದರ ಬೆಲೆಯಿಂದ ಹಳೆಯದಕ್ಕೆ ಸಿಗುವುದನ್ನು ಕಳೆದರೆ ಉಳಿಯುವುದು. 2021ರಲ್ಲಿ ಕೊಂಡಿದ್ದಕ್ಕಿಂತ ಹೆಚ್ಚಿಗೆ ಹಳೇ ಕಾರ್ಡ್ ಮಾರಿದವರಿದ್ದಾರೆ. ಆದರೆ ಒಳ್ಳೆ ಬೆಲೆ ಬಂತು ಅಂತ ಹೊಸದು ಕೈಗೆ ಸಿಗುವ ಮುಂಚೆ ಹಳೆಯದನ್ನು ಕೊಟ್ಟುಬಿಡಬೇಡಿ. ಹೆಸರಿನ ಕೊನೆಯಲ್ಲಿ ಎಫ್ ಇರುವ ಇಂಟೆಲ್ ಪ್ರೊಸೆಸರ್‌ಗಳಲ್ಲಿ, ರೈಜೆನ್ 3600, 5600 ಎಕ್ಸ್ ಥರದವುಗಳಲ್ಲಿ ಒಳಗೆ ಗ್ರಾಫಿಕ್ಸ್ ಇಲ್ಲವೇ ಇಲ್ಲ. ಕಾರ್ಡ್ ಕಿತ್ತರೆ ಡಿಸ್ಪ್ಲೇನೇ ಬರುವುದಿಲ್ಲ.

ಕಾಯುವುದಾದರೆ ಕಾಯುವ ಕಾಲವನ್ನು ಸುಖವಾಗಿ ಕಳೆಯುವ ದಾರಿಗಳೂ ಇವೆ. 2021ರ ಜೂನ್‌ನಲ್ಲಿ ಎಎಂಡಿ ಎಫ್‌ಎಸ್‌ಆರ್ ಬಿಟ್ಟಿತು. ಗೇಮನ್ನು ಕಡಿಮೆ ರೆಸಲ್ಯೂಷನ್‌ನಲ್ಲಿ ಬಿಡಿಸಿ, ಆಮೇಲೆ ಹಿಗ್ಗಿಸಿ ತೋರಿಸುವ ವಿಧಾನ. ಎಎಂಡಿಯದಾದರೂ ಎನ್‌ವಿಡಿಯಾದ ಹಳೇ 10ರ ಸರಣಿಯ ಕಾರ್ಡಿನಲ್ಲೂ ನಡೆಯುತ್ತದೆ. ಗೇಮಿನ ಸೆಟ್ಟಿಂಗ್‌ನಲ್ಲಿ ಇದ್ದರೆ "ಕ್ವಾಲಿಟಿ"ಗೆ ಇಟ್ಟು ನೋಡಿ.

ತಮ್ಮ ಕೊನೆಗೆ ಕಾರ್ಡ್ ತಗೊಳ್ಳಲಿಲ್ಲ. ಭಾನುವಾರ ವಿಡಿಯೋ ಕಾಲ್‌ನಲ್ಲಿ ಇಬ್ಬರೂ ಕೂತು ಅವನ 1060 ಬಿಚ್ಚಿದೆವು. ಹಿಂದಿನ ನಾಲ್ಕು ಸ್ಕ್ರೂ ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಸಡಿಲಿಸಿ, ಫ್ಯಾನಿನ ಸಣ್ಣ ತಂತಿ ಮೊದಲು ಕಳಚಿ, ಬಿಸಿ ಹೊರಹಾಕುವ ಲೋಹದ ಹೀಟ್‌ಸಿಂಕ್ ಎತ್ತಿದ. ಹೀಟ್‌ಸಿಂಕ್ ರೆಕ್ಕೆಗಳ ನಡುವೆ ಕಂಬಳಿಯಂಥ ಧೂಳು. ಚಿಪ್ಪಿನ ಮೇಲಿನ ಪೇಸ್ಟ್ ಒಣಗಿ, ಹಳೇ ಗೋಡೆಯ ಸುಣ್ಣದ ಥರ ಚಕ್ಕೆಚಕ್ಕೆಯಾಗಿ ಏಳುತ್ತಿತ್ತು. ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಹತ್ತಿಯಲ್ಲಿ ಒರೆಸಿದ. ನಡುವೆ ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಇಟ್ಟು, ಸ್ಕ್ರೂ ಹಾಕಿ, ಕಂಪ್ಯೂಟರ್ ಆನ್ ಮಾಡಿದ. ಮುಂಚೆ ಅರ್ಧ ಗಂಟೆ ಆಟಕ್ಕೆ 83 ಡಿಗ್ರಿ ಮುಟ್ಟಿ, ಕಾರ್ಡು ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತಿತ್ತು. ಅವತ್ತು ರಾತ್ರಿ ಅವನು ಕಳಿಸಿದ ಸ್ಕ್ರೀನ್‌ಶಾಟ್‌ನಲ್ಲಿ 69 ಇತ್ತು, ಟೆಕ್ಸ್ಚರ್ ಮೀಡಿಯಂ, ಮೆಮೊರಿ 4.6.